ನಿಲ್ಲಿಸುವ ಪಾಠಕ್ಕೆ ಶುಲ್ಕ ಪ್ರತ್ಯೇಕ

"ಹ್ಯಾಂಡ್‌ಬ್ರೇಕ್ ಹಾಕಿದೀನಿ. ನೀವು ಮುಟ್ಟೋಕೆ ಹೋಗ್ಬೇಡಿ."

ನನ್ನ ಹೆಂಡತಿ ನನಗೆ ಹೇಳಿದ ಕೊನೆಯ ಮಾತು ಇದು. ಎದೆನೋವು ಅಂತ ತಾನೇ ಗಾಡಿ ಓಡಿಸಿಕೊಂಡು ಆಸ್ಪತ್ರೆಗೆ ಬಂದಳು. ನಾನು ಪಕ್ಕದ ಸೀಟಿನಲ್ಲಿದ್ದೆ. ಗಾಡಿಯ ಮೂತಿ ಕಾಂಪೌಂಡ್ ಗೋಡೆಗೆ ತಾಗುವಷ್ಟು ಹತ್ತಿರ ನಿಲ್ಲಿಸಿದಳು. ಈ ಮಾತು ಹೇಳಿದಳು. ಕೀಲಿ ನನ್ನ ಕೈಗೆ ಕೊಟ್ಟು ಒಳಗೆ ನಡೆದುಹೋದಳು. ಆಮೇಲೆ ಬರಲಿಲ್ಲ.

ನಾನು ಮುಟ್ಟಲಿಲ್ಲ.

ನಾನು ಹಾಸಿಗೆ ಹೊಲಿಯುವವನು. ಹತ್ತಿ ತುಂಬುವುದು, ಹೊಲಿಯುವುದು ನನ್ನ ಕೆಲಸ. ಗಾಡಿಯ ಮೇಲೆ ಕಟ್ಟಿಕೊಂಡು ಮನೆಮನೆಗೆ ತಲುಪಿಸುವುದು ಅವಳ ಕೆಲಸ. ಹಾಗಾಗಿ ನಾನು ಓಡಿಸುವುದು ಕಲಿಯಲಿಲ್ಲ, ಅವಳು ಹೊಲಿಯುವುದು ಕಲಿಯಲಿಲ್ಲ. ಸಂಸಾರ ನಡೆಯಿತು.

ಗಾಡಿ ಆಸ್ಪತ್ರೆಯ ಅಂಗಳದಲ್ಲೇ ಉಳಿಯಿತು. ಅಲ್ಲಿನ ನಿಯಮ ಏನೆಂದರೆ, ರೋಗಿ ಬಿಡುಗಡೆಯಾಗುವ ತನಕ ವಾಹನ ನಿಲುಗಡೆ ಉಚಿತ.

"ನಿಮ್ಮವರು ಇನ್ನೂ ಬಿಡುಗಡೆ ಆಗಿಲ್ಲ" ಅಂದ ಕಾವಲುಗಾರ.

"ತೀರ್ಕೊಂಡ್ರು."

"ಅದು ಬೇರೆ ವಿಭಾಗ ಯಜಮಾನ್ರೇ. ನಮಗೆ ಬಿಡುಗಡೆ ಅಂತ ಬರ್ಬೇಕು. ಬಂದಿಲ್ಲ. ನಿಲ್ಲಿಸ್ಕೊಳಿ."

ಒಳ್ಳೆಯ ಮನುಷ್ಯ. ನಾನು ಭಾನುವಾರ ಭಾನುವಾರ ಹೋಗಿ ನನ್ನ ಎಂದಿನ ಪಕ್ಕದ ಸೀಟಿನಲ್ಲೇ ಕೂತು, ಕೈ ಚಾಚಿ ಕೀಲಿ ತಿರುಗಿಸುತ್ತಿದ್ದೆ. ಬ್ಯಾಟರಿ ಸಾಯಬಾರದು ಅಂತ. ಸ್ವಲ್ಪ ಹೊತ್ತು ಗುರ್ ಅನ್ನುತ್ತಿತ್ತು. ಆರಿಸಿ ಮನೆಗೆ ನಡೆಯುತ್ತಿದ್ದೆ.

ಒಂದು ಭಾನುವಾರ ಗಾಜಿನ ಮೇಲೆ ಕಾಗದ ಅಂಟಿಸಿತ್ತು.

"ಈ ಮೂಲಕ ಸಂಬಂಧಪಟ್ಟವರಿಗೆ ತಿಳಿಯಪಡಿಸುವುದೇನೆಂದರೆ, ಸದರಿ ಸ್ಥಳದಲ್ಲಿ ವಾಹನ ನಿಲುಗಡೆ ವಿಭಾಗದ ನೂತನ ಕಚೇರಿಯನ್ನು ನಿರ್ಮಿಸಲು ತೀರ್ಮಾನಿಸಲಾಗಿರುವುದರಿಂದ, ವಾಹನಗಳ ನಿಲುಗಡೆಯನ್ನು ರದ್ದುಪಡಿಸಲಾಗಿದೆ. ತಿಂಗಳ ಕೊನೆಯೊಳಗೆ ತೆರವಾಗದ ವಾಹನಗಳನ್ನು ಹರಾಜು ಹಾಕಲಾಗುವುದು."

ವಾಹನ ಇಲ್ಲದ ಮೇಲೆ ವಿಭಾಗ ಯಾಕೆ ಅಂತ ಕಾವಲುಗಾರನನ್ನು ಕೇಳಿದೆ. "ವಿಭಾಗ ಇದ್ಮೇಲೆ ಕಚೇರಿ ಬೇಡ್ವಾ?" ಅಂದ. ಅದೂ ಸರಿ.

ಅವಳ ತಮ್ಮ ಮನೆಗೆ ಬಂದ. "ಭಾವ, ಕೀಲಿ ಕೊಡಿ. ಚಹಾ ಆರೋದ್ರೊಳಗೆ ತಂದು ನಿಲ್ಲಿಸ್ತೀನಿ."

ಅವನು ಆರಡಿ ಆಳು. ಕೂತರೆ ಮೊದಲು ಸೀಟು ಹಿಂದಕ್ಕೆ ತಳ್ಳುತ್ತಾನೆ. ಅವಳು ಗಿಡ್ಡ. ಸೀಟು ಪೂರಾ ಮುಂದಿತ್ತು. ಅವಳು ಬಿಟ್ಟ ಹಾಗೇ ಗಾಡಿ ಮನೆಗೆ ಬರಲಿ ಅಂತ ನನಗೆ. ಅದನ್ನು ಅವನಿಗೆ ಹೇಳಲಿಲ್ಲ.

"ನಾನೇ ತರ್ತೀನಿ" ಅಂದೆ.

"ನಿಮಗೆ ಸೈಕಲ್ಲೇ ಬರಲ್ವಲ್ಲ ಭಾವ!"

"ಕಲೀತೀನಿ."

"ಅಕ್ಕ ಇದ್ದಿದ್ರೆ ಬಿದ್ದು ಬಿದ್ದು..." ಅಂದವನು ಚಹಾದ ಲೋಟ ಎತ್ತಿಕೊಂಡ.

ಚಾಲನಾ ತರಬೇತಿ ಕೇಂದ್ರ ಇಸ್ತ್ರಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಕೆಳಗಿನ ಬಿಸಿಗೆ ನೆಲ ಬೆಚ್ಚಗಿತ್ತು. ಮೇಜಿನ ಹಿಂದೆ ಮೇಡಮ್ಮು ಕಾಲು ಮೇಲೆತ್ತಿಕೊಂಡು ಕೂತಿದ್ದರು. ಗೋಡೆಯ ಮೇಲೆ ದರದ ಹಲಗೆ. ಮೊದಲನೇ ಗೇರು ಇಷ್ಟು, ಎರಡನೇದು ಇಷ್ಟು. ಎಡ ತಿರುವು ಇಷ್ಟು. ಬಲ ತಿರುವು ಅದರ ಮೂರರಷ್ಟು, ಎದುರಿಗೆ ಬರುವವರನ್ನು ನೋಡಬೇಕಾದ್ದರಿಂದ. ರಿವರ್ಸು ದುಬಾರಿ. ನಿಲ್ಲಿಸುವುದು ಅದಕ್ಕಿಂತ ದುಬಾರಿ. ಹಾರನ್ನು ಉಚಿತ.

"ನಾನು ಗಾಡಿ ಕಲೀಬೇಕು" ಅಂದೆ.

"ಎಲ್ರೂ ಹಾಗೇ ಬರ್ತಾರೆ" ಅಂದರು ಮೇಡಮ್ಮು. "ಯೋಜನೆ ಇಲ್ದೇ ಕಲಿತು ಹಾಳಾಗ್ತಾರೆ. ಮೊದಲು ಯೋಜನೆ. ಎಲ್ಲಿಂದ ಎಲ್ಲಿಗೆ ಹೋಗ್ಬೇಕು?"

"ಆಸ್ಪತ್ರೆಯಿಂದ ಮನೆಗೆ."

"ಅಷ್ಟೇನಾ?"

"ಅಷ್ಟೇ."

"ಮತ್ತೆ ಪೂರ್ತಿ ಕಲಿತು ಏನ್ ಮಾಡ್ತೀರಾ? ದುಡ್ಡು ಜಾಸ್ತಿ ಆಗಿದ್ಯಾ?"

ಊರಿನ ನಕ್ಷೆ ಹರಡಿದರು. ಪೆನ್ಸಿಲ್ಲಿನಿಂದ ಗೆರೆ ಎಳೆದರು. ಆಸ್ಪತ್ರೆಯಿಂದ ಮನೆಗೆ ಬರೀ ಎಡ ತಿರುವುಗಳೇ. "ಬಲ ಬೇಡ" ಅಂತ ಹೊಡೆದುಹಾಕಿದರು. ನನ್ನ ಖರ್ಚು ಉಳಿಸುವುದರಲ್ಲಿ ಅವರಿಗೆ ಇದ್ದ ಕಾಳಜಿ ಸ್ವಂತ ಅಕ್ಕನಿಗೂ ಇರಲಾರದು.

"ರಿವರ್ಸು?" ಅಂದೆ.

"ಗಾಡಿ ಆಸ್ಪತ್ರೆಗೆ ಹೇಗೆ ಬಂತು?"

"ಮುಂದಕ್ಕೆ."

"ಮುಂದಕ್ಕೆ ಬಂದಿದ್ದು ಮುಂದಕ್ಕೇ ಹೋಗುತ್ತೆ. ರಿವರ್ಸು ಬೇಡ."

"ನಿಲ್ಲಿಸೋದು?"

ಮೇಡಮ್ಮು ಪೆನ್ಸಿಲ್ ಕೆಳಗಿಟ್ಟರು. "ಈಗ ನಿಮ್ಮ ಗಾಡಿ ಏನ್ ಮಾಡ್ತಿದೆ?"

"ನಿಂತಿದೆ."

"ಪಾಠ ಇಲ್ದೇನೇ ನಿಂತಿದೆ ತಾನೇ? ಮತ್ತೆ ಅದಕ್ಕ್ಯಾಕೆ ಪಾಠ?"

ಓದಿದವರು ಹೇಳಿದರೆ ಅದರಲ್ಲೊಂದು ಅಚ್ಚುಕಟ್ಟು ಇರುತ್ತದೆ. ನಾನು ಎರಡು ಗೇರು ಮತ್ತು ಎಡ ಕೊಂಡೆ. ಸೀಟು ಪೂರ್ತಿ ಮುಂದೆ ಎಳೆದುಕೊಂಡೇ ಕಲಿಯಬೇಕು ಅಂತ ಕೇಳಿದೆ. ಅದಕ್ಕೆ ಶುಲ್ಕ ಇಲ್ಲ, ಆದರೆ ಮೊಣಕಾಲು ಗಲ್ಲಕ್ಕೆ ಬಡಿದರೆ ಕೇಂದ್ರ ಹೊಣೆಯಲ್ಲ ಅಂದರು. ಒಪ್ಪಿದೆ.

ಕಲಿಸುವ ಮೇಷ್ಟ್ರು ಸಣ್ಣ ಆಳು, ದೊಡ್ಡ ಗಂಟಲು. ಬ್ರೇಕು ಅವರ ಕಾಲ ಕೆಳಗೆ ಮಾತ್ರ ಇತ್ತು. ನನ್ನ ಕಡೆಯ ಬ್ರೇಕಿಗೆ ಚೀಲ ಹೊದಿಸಿ ಹಗ್ಗ ಬಿಗಿದಿದ್ದರು. ಮುಂದಿನ ಗಾಜಿನ ಕೆಳಗೆ ಒಂದು ಪ್ರಕಟಣೆ:

"ಶುಲ್ಕ ಪಾವತಿಸದ ತಿರುವುಗಳನ್ನು ನೋಡುವುದು, ನೋಡಿ ನೆನಪಿಟ್ಟುಕೊಳ್ಳುವುದು ಹಾಗೂ ಮನೆಗೆ ಹೋಗಿ ಕನಸಿನಲ್ಲಿ ಅಭ್ಯಾಸ ಮಾಡುವುದು ದಂಡಾರ್ಹ."

ಹಾಗಾಗಿ ಬಲ ತಿರುವು ಬಂದಾಗ ಮೇಷ್ಟ್ರು ಕೂಗುತ್ತಿದ್ದರು. "ಬಲ ಬಂತು! ಕಣ್ಣು ಮುಚ್ಚಿ!" ನಾನು ಕಣ್ಣು ಮುಚ್ಚುತ್ತಿದ್ದೆ. ಅವರು ಪಕ್ಕದಿಂದ ಸ್ಟೀರಿಂಗ್ ಚಕ್ರ ಹಿಡಿದು ತಿರುಗಿಸುತ್ತಿದ್ದರು. "ಆಯ್ತು, ಬಿಡಿ!" ಕಣ್ಣು ಬಿಟ್ಟರೆ ಬೇರೆ ಬೀದಿ.

ಹಿಂದಿನ ಸೀಟಿನಲ್ಲಿ ಟೀಚರಮ್ಮ ಇರುತ್ತಿದ್ದರು. ಶಾಲೆಯಿಂದ ನಿವೃತ್ತಿಯಾದವರು. ಅವರು ರಿವರ್ಸು ಮಾತ್ರ ಕೊಂಡಿದ್ದರು. ಹಾಗಾಗಿ ನನ್ನ ಪಾಠ ಪೂರ್ತಿ ಕಣ್ಣು ಮುಚ್ಚಿಕೊಂಡೇ ಕೂರಬೇಕಿತ್ತು. ಪಾಪ, ಆಗಾಗ ಗೊರಕೆ ಹೊಡೆಯುತ್ತಿದ್ದರು.

"ರಿವರ್ಸು ಮಾತ್ರ ಯಾಕಮ್ಮ?" ಅಂತ ಕೇಳಿದೆ.

"ನನ್ನ ಮಗ ಇಲ್ಲೇ ಕಲಿತ. ಮುಂದಕ್ಕೆ ಮಾತ್ರ ಕೊಂಡ. ಗಾಡಿ ತಂದು ಷೆಡ್ಡಿಗೆ ನುಗ್ಗಿಸ್ದ. ಈಗ ಆಚೆ ತೆಗೆಯೋರಿಲ್ಲ. ತಾಯಿ ಆದವಳು ಇನ್ನೇನ್ ಮಾಡ್ಲಿ?"

"ನಿಮ್ಮ ಮಗ ಹೇಗೆ ನಿಲ್ಲಿಸಿದ?"

"ಷೆಡ್ಡಿನ ಗೋಡೆ ನಿಲ್ಲಿಸ್ತು."

ತಿಂಗಳ ಕೊನೆ ಬಂತು. ಕೇಂದ್ರದವರು ನನಗೆ "ಮುಂದಕ್ಕೆ ಹಾಗೂ ಎಡಕ್ಕೆ ಚಾಲಕ" ಅಂತ ಪ್ರಮಾಣಪತ್ರ ಕೊಟ್ಟರು. ಮರುದಿನ ಹರಾಜು. ನಾನು ಅವತ್ತೇ ಮಧ್ಯಾಹ್ನ ಆಸ್ಪತ್ರೆಗೆ ಹೋದೆ. ಭಾವಮೈದ ಮನೆಯಲ್ಲಿ ಗೇಟು ತೆಗೆದು ಕಾಯುತ್ತಿದ್ದ.

ಗಾಡಿಯ ಮೂತಿಯ ಮುಂದೆ ಗೋಡೆ. ಮುಂದಕ್ಕೆ ಬಂದದ್ದು ಮುಂದಕ್ಕೆ ಹೋಗುವಂತಿರಲಿಲ್ಲ.

ಕಾವಲುಗಾರ ಕರುಣೆಯಿಂದ ನೋಡಿದ. "ರಿವರ್ಸು ಕೊಂಡಿಲ್ವಾ?"

"ಇಲ್ಲ."

"ಗೋಡೆ ಒಡೆಸ್ಬೇಕಾದ್ರೆ ಅರ್ಜಿ ಕೊಡಿ. ಬೇಗ ಆಗುತ್ತೆ. ಕಟ್ಟಿಸೋದೇ ನಿಧಾನ."

ಅರ್ಜಿಗೆ ಸಮಯ ಇರಲಿಲ್ಲ. ಟೀಚರಮ್ಮನ ಮನೆಗೆ ಓಡಿದೆ. ಅವರು ಕೈಚೀಲ ಹಿಡಿದು ತಕ್ಷಣ ಹೊರಟರು. ಅವಳಷ್ಟೇ ಗಿಡ್ಡ ಆಳು. ಸೀಟು ಸರಿಸದೆಯೇ ಕೂತರು. ನಾನು ಪಕ್ಕದಲ್ಲಿ ಕೂತೆ.

"ಇದು ಹ್ಯಾಂಡ್‌ಬ್ರೇಕು. ಇಳಿಸ್ಬೇಕಲ್ವಾ?"

"ನೀವೇ ಇಳಿಸಿ. ನನಗೆ ಮುಟ್ಬೇಡಿ ಅಂದಿದಾಳೆ."

ಯಾರು ಅಂತ ಅವರು ಕೇಳಲಿಲ್ಲ. ಇಳಿಸಿದರು. ಗಾಡಿ ಹಿಂದೆ ಸರಿಯಿತು. ಚೆನ್ನಾಗಿ ಕಲಿತಿದ್ದರು. ಹಿಂದಿದ್ದ ಗಿಡದ ಕಟ್ಟೆಗೆ ಹಿಂಬದಿ ಮುಟ್ಟಿ ಮೆತ್ತಗೆ ನಿಂತಿತು. ಕಾವಲುಗಾರ ಚಪ್ಪಾಳೆ ಹೊಡೆದ. ನಾವು ಜಾಗ ಬದಲಿಸಿದೆವು. ಟೀಚರಮ್ಮ ಹಿಂದೆ ಹೋಗಿ ಕೂತು, ಅಭ್ಯಾಸಬಲದಿಂದ ಕಣ್ಣು ಮುಚ್ಚಿದರು.

ಮೊಣಕಾಲು ಸ್ಟೀರಿಂಗಿಗೆ ಒತ್ತುತ್ತಿತ್ತು. ಕನ್ನಡಿಯೂ ಅವಳ ಎತ್ತರಕ್ಕೆ ಇತ್ತು. ಅದರಲ್ಲಿ ನನಗೆ ಟೀಚರಮ್ಮನ ಕೈಚೀಲ ಮಾತ್ರ ಕಾಣುತ್ತಿತ್ತು. ಮೊದಲನೇ ಗೇರು. ಎರಡನೇ ಗೇರು. ಗೇಟಿನಿಂದ ಎಡ. ಔಷಧದ ಅಂಗಡಿಯ ಹತ್ತಿರ ಎಡ. ಗಾಡಿ ಹೋಗುತ್ತಿತ್ತು. ಅವಳ ಗಾಡಿ, ನನ್ನ ಕೈಯಲ್ಲಿ. ಏನೂ ಯೋಚನೆ ಬರಲಿಲ್ಲ. ಎಡ ಬಂದರೆ ಸಾಕು ಅನ್ನಿಸಿತು.

ಮನೆ ಬಂತು. ಗೇಟಿನಲ್ಲಿ ಭಾವಮೈದ ಎರಡೂ ಕೈ ಎತ್ತಿ ಕುಣಿಯುತ್ತಿದ್ದ. ಮನೆ ಹೋಯಿತು.

"ಭಾವ! ನಿಲ್ಲಿಸಿ!"

"ಕೊಂಡಿಲ್ಲ!" ಅಂತ ಕೂಗಿದೆ.

ಮತ್ತೆ ಎಡ, ಮತ್ತೆ ಎಡ. ಪೆಟ್ರೋಲ್ ಬಂಕು, ಕೇಂದ್ರ, ಆಸ್ಪತ್ರೆ, ಔಷಧದ ಅಂಗಡಿ, ಪುನಃ ಮನೆ. ಈ ಸಲ ಭಾವಮೈದ ಪಕ್ಕದಲ್ಲೇ ಓಡಿ ಬಂದ. "ಎಷ್ಟಾಗುತ್ತಂತೆ ನಿಲ್ಲಿಸೋದು?"

"ರಿವರ್ಸಿಗಿಂತ ಜಾಸ್ತಿ!"

"ನಾನ್ ಕಟ್ತೀನಿ!" ಅಂತ ಕೇಂದ್ರದ ಕಡೆ ಓಡಿದ.

ಮುಂದಿನ ಸುತ್ತಿನಲ್ಲಿ ಕೇಂದ್ರದ ಕಿಟಕಿಯಿಂದ ಮೇಡಮ್ಮು ತಲೆ ಹಾಕಿದರು. ಯೋಜನೆ ಬದಲಾಯಿಸಬೇಕಾದರೆ ಅಭ್ಯರ್ಥಿ ಖುದ್ದಾಗಿ ಬಂದು ಕೂರಬೇಕು ಅಂದರು. ಬಂದೆ, ಆದರೆ ಕೂರಲು ಆಗಲಿಲ್ಲ, ಮುಂದೆ ಹೋದೆ. ಆಮೇಲೆ ಮೇಷ್ಟ್ರು ಸೈಕಲ್ ಹತ್ತಿ ನನ್ನ ಪಕ್ಕ ಬಂದರು.

"ಕೀಲಿ ತಿರುಗಿಸಿ ಆರಿಸ್ಲಾ ಮೇಷ್ಟ್ರೇ?"

"ಮುಟ್ಬೇಡಿ! ಅದು ಕಳ್ಳ ನಿಲುಗಡೆ, ದಂಡ ಬೀಳುತ್ತೆ!"

"ಮತ್ತೆ ಬ್ರೇಕು?"

"ಹೇಳೋ ಹಾಗಿಲ್ಲ!" ಅಂದರು ಏದುಸಿರು ಬಿಡುತ್ತಾ. "ನಾನು ಸಂಬಳಕ್ಕಿರೋನು, ನನ್ನ ಹೊಟ್ಟೆ ಮೇಲೆ ಹೊಡೀಬೇಡಿ. ಎಡ ಚೆನ್ನಾಗಿ ತಗೊಳ್ತಿದೀರಾ, ಅದನ್ನ ಮುಂದುವರಿಸಿ."

ಹಾಗೆ ಹೊಗಳಿದ್ದು ಅವರೊಬ್ಬರೇ.

ಸುತ್ತಿಗೊಮ್ಮೆ ಕಾವಲುಗಾರ ಸಲಾಮು ಹೊಡೆಯುತ್ತಿದ್ದ. ಔಷಧದ ಅಂಗಡಿಯವನು ಮೊದಲು ಬೈದ, ಆಮೇಲೆ ನಕ್ಕ, ಆಮೇಲೆ ನೋಡುವುದನ್ನೇ ಬಿಟ್ಟ. ಟೀಚರಮ್ಮ ಒಂದು ನಿದ್ದೆ ಮುಗಿಸಿ ಎದ್ದರು.

"ಮನೆ ಬಂತಾ?"

"ಬರ್ತಾನೇ ಇದೆಯಮ್ಮ."

ಸಂಜೆಯ ಹೊತ್ತಿಗೆ ಗಾಡಿ ಕೆಮ್ಮಿತು. ಎರಡು ಸಲ ಕುಲುಕಿ ಪೆಟ್ರೋಲ್ ಬಂಕಿನ ಹತ್ತಿರ ನಿಂತುಹೋಯಿತು. ಬಂಕಿನವರು ಏನೂ ಕೇಳದೆ ಬಂದು ಒಳಗೆ ತಳ್ಳಿದರು. ಒಳಗೆ ಇನ್ನೂ ನಾಲ್ಕಾರು ಗಾಡಿ ಸಾಲಾಗಿ ನಿಂತಿದ್ದವು. ಎಲ್ಲವೂ ನಮ್ಮ ಕೇಂದ್ರದಲ್ಲಿ ಕಲಿತವರದ್ದು.

"ಪೆಟ್ರೋಲ್ ಅಳತೆ ಹಾಕೋರು ಬೆಳಿಗ್ಗೆ ಬರ್ತಾರೆ" ಅಂದರು. "ಆಗ ಬನ್ನಿ."

ಟೀಚರಮ್ಮನನ್ನು ಮನೆಗೆ ಬಿಟ್ಟು ನಾನೂ ನಡೆದೆ. ಹರಾಜು ತಪ್ಪಿತು ಅಂತ ಭಾವಮೈದನಿಗೆ ಹೇಳಿದೆ. ಅವನು ಕಟ್ಟಿದ ಹಣವನ್ನು ಕೇಂದ್ರದವರು ವಾಪಸು ಕೊಡದೆ, ಅವನ ಹೆಸರಿಗೇ ನಿಲ್ಲಿಸುವ ಪಾಠ ಬರೆದುಬಿಟ್ಟಿದ್ದರಂತೆ. "ನನಗೆ ಮೊದಲೇ ಬರುತ್ತೆ ಅಂದ್ರೂ ಕೇಳಲ್ಲ ಭಾವ. ಸೋಮವಾರದಿಂದ ಪಾಠಕ್ಕೆ ಹೋಗ್ಬೇಕು" ಅಂದ.

ಮರುದಿನ ಬೆಳಿಗ್ಗೆ ಬಂಕಿಗೆ ಹೋದೆ. ಅಳತೆಯವರು ಕನ್ನಡಕ ಹಾಕಿಕೊಂಡು, ಕೈಯಲ್ಲಿ ಲೋಟ ಹಿಡಿದು ನಿಂತಿದ್ದರು. ಎಷ್ಟು ಲೀಟರ್ ಅಂತ ಕೇಳಲಿಲ್ಲ.

"ಎಲ್ಲಿ ನಿಲ್ಬೇಕು?"

"ಹಸಿರು ಗೇಟಿನ ಮನೆ. ಹೊರಗೆ ಹಾಸಿಗೆಯ ಬೋರ್ಡು ಇದೆ. ಇಲ್ಲಿಂದ ಪೂರ್ತಿ ಸುತ್ತು ಹಾಕ್ಬೇಕು."

"ಗೊತ್ತು. ಎಷ್ಟು ಜನ ಹೋಗ್ತೀರಾ?"

"ಒಬ್ಬನೇ."

"ಹಾಗಾದ್ರೆ ಒಂಚೂರು ಕಮ್ಮಿ ಹಾಕ್ತೀನಿ" ಅಂದರು. ಲೋಟ ಬಗ್ಗಿಸಿ ಸ್ವಲ್ಪ ವಾಪಸು ಸುರಿದುಕೊಂಡರು.

ಎಲ್ಲ ಎಡಗಳನ್ನೂ ತೆಗೆದುಕೊಂಡು ಬಂದೆ. ಗಾಡಿ ಸರಿಯಾಗಿ ನಮ್ಮ ಗೇಟಿನ ಮುಂದೆ ಕೆಮ್ಮಿ ನಿಂತಿತು. ಒಂದು ಗೇಣು ಆಚೀಚೆ ಇಲ್ಲ. ನಡು ಬೀದಿ ಅನ್ನುವುದೊಂದು ಬಿಟ್ಟರೆ ಕುಂದು ಹೇಳುವಂತಿರಲಿಲ್ಲ.

ಹಿಂದಿನಿಂದ ಹಾರನ್ನು ಕೇಳಿಸಿತು. ಇಳಿದು ನೋಡಿದೆ. ನನ್ನ ವಯಸ್ಸಿನವರೊಬ್ಬರು ಗಾಡಿ ನಿಲ್ಲಿಸಿಕೊಂಡಿದ್ದರು.

"ಪಕ್ಕದಿಂದ ಹೋಗ್ಬಹುದಲ್ಲ ಸ್ವಾಮಿ, ಬಲಕ್ಕೆ ತಗೊಳಿ" ಅಂದೆ.

"ಬಲ ಕೊಂಡಿಲ್ಲ ಸ್ವಾಮಿ. ನಿಲ್ಲಿಸೋದು ಇದೆ."

"ಯಾವ ಯೋಜನೆ ನಿಮ್ದು?"

"ಮಗಳ ಮನೆಗೆ. ಅವಸರ ಏನಿಲ್ಲ, ಕಾಯ್ತೀನಿ."

ಒಳಗೆ ಹೋದೆ. ಒಲೆ ಹಚ್ಚಿ ಎರಡು ಲೋಟ ಚಹಾ ಮಾಡಿಕೊಂಡು ಬಂದೆ.