ನಲವತ್ತು ಕನ್ಯೆಯರ ಕಾವಲುಗಾರ

ಒಂದು ಸೀಸೆಗೆ ಅರ್ಧ ಬಾಳೆಹಣ್ಣು, ಒಂದು ಚಮಚ ಸಕ್ಕರೆ, ಚಿಟಿಕೆ ಈಸ್ಟ್, ಬಾಯಿಗೆ ಹತ್ತಿ. ನೊಣದ ಸಂಸಾರಕ್ಕೆ ಅಷ್ಟೇ ಖರ್ಚು. ಆದರೆ ಆ ಸಂಸಾರ ಹೂಡದಂತೆ ನೋಡಿಕೊಳ್ಳುವುದಕ್ಕೆ ಎಲ್ಲರೂ ನೊಣದಣ್ಣ ಎಂದು ಕರೆಯುವ ಲ್ಯಾಬ್ ಸಹಾಯಕನ ಪ್ರಾಯದ ಆರು ವರ್ಷವೇ ಖರ್ಚಾಗಿತ್ತು.

ಪ್ರಯೋಗಾಲಯದ ಮೇಡಂ ಸಾಕಿದ್ದ ಹಣ್ಣುನೊಣಗಳಲ್ಲಿ ಎರಡು ಜಾತಿ. ಹೆಣ್ಣುಗಳು ನೋಡಲು ಒಂದೇ. ಗಂಡಿನ ಬಾಲದ ತುದಿಯ ಕೊಕ್ಕೆ ಮಾತ್ರ ಬೇರೆ ಬೇರೆ. ಹೆಣ್ಣನ್ನು ಹಿಡಿದುಕೊಳ್ಳುವ ಆ ಕೊಕ್ಕೆ ಜಾತಿಯಿಂದ ಜಾತಿಗೆ ಮಿಕ್ಕ ಅಂಗಗಳಿಗಿಂತ ಬೇಗ ಬೇಗ ಆಕಾರ ಬದಲಿಸುವುದು ಯಾವ ಜೀನ್‌ನಿಂದ ಎಂಬುದು ಮೇಡಂ ತಲೆನೋವು. ಹುಟ್ಟಿದ ಎಂಟು ಗಂಟೆಯೊಳಗೆ ಹೆಣ್ಣುಗಳನ್ನು ಗಂಡುಗಳಿಂದ ಬೇರ್ಪಡಿಸಿ, ಕೂಡದಂತೆ ಕನ್ಯೆಯರಾಗಿಯೇ ಉಳಿಸುವುದು ನೊಣದಣ್ಣನ ತಲೆನೋವು. ಎಂಟು ಗಂಟೆಗೊಮ್ಮೆ ನೊಣದ ಹಿಂದೆ ಓಡುವವನನ್ನು ಯಾರು ಮದುವೆಯಾಗುತ್ತಾರೆ?

ಆ ದಿನ ಅತ್ತಿಗೆ ಹೇಗೋ ಒಬ್ಬ ಹುಡುಗಿಯನ್ನು ಒಪ್ಪಿಸಿದ್ದಳು. "ಸರಿಯಾಗಿ ಐದಕ್ಕೆ ಬಂದು ಭೇಟಿಯಾಗು. ಈ ಸಲವೂ ತಪ್ಪಿಸಿದ್ರೆ ನೊಣಾನೇ ಕಟ್ಕೋ," ಎಂದು ಫೋನಿನಲ್ಲಿ ಗದರಿದ್ದಳು.

"ನಲವತ್ತು ಕನ್ಯೆಯರನ್ನ ಎಣಿಸಿಕೊಟ್ಟು ಹೋಗಪ್ಪ," ಎಂದಿದ್ದರು ಮೇಡಂ.

ನಾಲ್ಕು ಗಂಟೆಗೆ, ಎಣಿಸಲೆಂದು ಅಮಲಿನ ಮದ್ದು ಕೊಟ್ಟ ನಲವತ್ತೂ ನೊಣಗಳು ಬಿಳಿ ತಟ್ಟೆಯ ಮೇಲೆ ಎಳ್ಳು ಚೆಲ್ಲಿದಂತೆ ಮಲಗಿದ್ದವು. ಅಷ್ಟರಲ್ಲಿ ಟೈಪಿಸ್ಟ್ ಅಕ್ಕ ಬಂದು ಅವನ ಕಾಲರಿಗೆ ಸೆಂಟ್ ಹೊಡೆದಳು. ಹಿಂದೆಯೇ ವಾಚ್‌ಮನ್ ತಾತ.

"ಏನಯ್ಯಾ, ಬೆವರಲ್ಲೇ ಸ್ನಾನ ಮಾಡಿದ್ದೀಯಲ್ಲ! ಹುಡುಗಿ ಮುಂದೆ ಹಿಂಗೇ ಹೋಗಿ ನಿಲ್ತೀಯಾ?" ಎನ್ನುತ್ತಾ ತಾತ ಫ್ಯಾನ್ ಹಾಕಿಯೇಬಿಟ್ಟ.

"ತಾತಾ, ಬೇಡ—"

ತಟ್ಟೆ ಬೋಳಾಯಿತು.

ಮೂವರೂ ನೆಲದ ಮೇಲೆ ಅಂಬೆಗಾಲಿಟ್ಟರು. ಸಿಕ್ಕಿದ್ದು ಎರಡು, ಅದರಲ್ಲೊಂದು ತಾತನ ಮೀಸೆಯಲ್ಲಿ.

"ಅಳ್ಬೇಡ್ವೋ," ಎಂದಳು ಅಕ್ಕ. "ಕ್ಯಾಂಟೀನಿನ ಹಣ್ಣಿನ ಬುಟ್ಟಿ ಮೇಲೆ ಬೇಕಾದಷ್ಟಿವೆ. ಹೆಣ್ಣೆಲ್ಲ ನೋಡೋಕೆ ಒಂದೇ ಅಂತ ನೀನೇ ಹೇಳ್ತಿದ್ದೆಯಲ್ಲ?"

ನಾಲ್ಕೂಮುಕ್ಕಾಲಿಗೆ ನಲವತ್ತು ತುಂಬಿತು. ಅವಸರದಲ್ಲಿ ಒಂದು ಗಂಡೂ ನುಸುಳಿತ್ತು. ಮೇಡಂ ಸೂಕ್ಷ್ಮದರ್ಶಕಕ್ಕೆ ಮೊದಲು ಬಿದ್ದಿದ್ದು ಅದೇ.

"ಇಲ್ಲೊಂದು ಗಂಡಿದೆ!"

ನೊಣದಣ್ಣ ಗಡಿಯಾರ ನೋಡಿದ. ಕೆಲಸ ಹೋದರೆ ಹೋಗಲಿ, ಐದಕ್ಕೆ ತಲುಪಿದರೆ ಸಾಕು ಎಂದು, "ತಪ್ಪಾಯ್ತು ಮೇಡಂ, ಇವು ಕ್ಯಾಂಟೀನಿನವು," ಎಂದು ಒಪ್ಪಿಕೊಂಡೇಬಿಟ್ಟ.

ಮೇಡಂ ತಲೆಯೆತ್ತಿದಾಗ ಕಣ್ಣಲ್ಲಿ ನೀರು. "ಈ ಕೊಕ್ಕೆ ನಮ್ಮ ಎರಡು ಜಾತಿಯಲ್ಲೂ ಇಲ್ಲ ಕಣಯ್ಯಾ! ಇದು ಮೂರನೇದು! ನಿನ್ನಂಥವನನ್ನ ಬಿಟ್ರೆ ಇದನ್ನ ಯಾರು ಸಾಕ್ತಾರೆ? ಕೂತ್ಕೋ, ಈಗಲೇ ಶುರು ಮಾಡೋಣ!"

ಆ ದಿನ ಮೇಡಂಗೆ ಹೊಸ ಜಾತಿ ಸಿಕ್ಕಿತು. ಕ್ಯಾಂಟೀನಿನ ಗಂಡುನೊಣಕ್ಕೆ ಮೂವತ್ತೊಂಬತ್ತು ಹೆಣ್ಣು ಸಿಕ್ಕವು. ನೊಣದಣ್ಣನಿಗೆ ಇನ್ನೊಂದು ಸಾಲು ಸೀಸೆ ಸಿಕ್ಕಿತು. ಹುಡುಗಿ ಐದೂವರೆಯವರೆಗೆ ಕಾದು, ಎದ್ದು ಹೋದಳು.