ಬೇಡ ಅಂದವರ ಎಲೆ

ಬಸವನಗುಡಿಯ ಛತ್ರಗಳಲ್ಲಿ ಇಪ್ಪತ್ತೆರಡು ವರ್ಷದಿಂದ ಬಡಿಸುವವರ ತಂಡ ನೋಡಿಕೊಳ್ಳುತ್ತಿದ್ದೇನೆ. ನಗಲು ನಾನು ಬೇರೆಲ್ಲೂ ಹೋಗಬೇಕಿಲ್ಲ. ಜನ ಮದುವೆ ಊಟಕ್ಕೆ ಕೂತರೆ ಸಾಕು, ಏನಾದರೊಂದು ಆಗಿಯೇ ಆಗುತ್ತದೆ. ಈಚೆಗೆ ಆದದ್ದೆಲ್ಲ ನಮ್ಮ ಹೊಸ ಹುಡುಗಿ ಬಂದ ಮೇಲೆ.

ಅವಳಿಗೆ ಇಪ್ಪತ್ತೆಂಟು ವರ್ಷ, ಆಟಿಸಂ ಇದೆ. "ಗದ್ದಲ ಆಗಲ್ಲ ಅವಳಿಗೆ. ಕೆಲಸ ಏನಿದ್ರೂ ಬಿಡಿಸಿ ಹೇಳ್ಬಿಡಿ, ಅಚ್ಚುಕಟ್ಟಾಗಿ ಮಾಡ್ತಾಳೆ" ಅಂತ ಅವರಮ್ಮ ಹೇಳಿದ್ದರು. ನಮ್ಮ ಕೇಟರಿಂಗ್ ಯಜಮಾನರು, "ಮೂರು ಮದುವೆ ನೋಡೋಣ. ಸರಿಹೋದ್ರೆ ಪರ್ಮನೆಂಟ್, ಇಲ್ಲಾಂದ್ರೆ ಇಲ್ಲ" ಅಂದರು. ಅದಕ್ಕೆ ಮೊದಲು ಏಳು ಕಡೆ ಅವಳನ್ನು ತೆಗೆದುಕೊಂಡಿರಲಿಲ್ಲ. ಇಲ್ಲಾದರೂ ಉಳಿಯಲಿ ಅಂತ ನನಗೆ ಬಹಳ ಆಸೆಯಿತ್ತು.

ಮೊದಲ ಮದುವೆ

ಗಟ್ಟಿಮೇಳ ಶುರುವಾದೊಡನೆ ಅವಳು ಕಿವಿಗೆ ದೊಡ್ಡ ಹೆಡ್‌ಫೋನ್ ಏರಿಸಿದಳು. ವರನ ಸೋದರಮಾವ ಊಟದ ಹಾಲ್‌ಗೆ ಬಂದೇಬಿಟ್ಟರು. "ಏನಮ್ಮ, ಕೆಲಸದ ಹೊತ್ತಲ್ಲಿ ಹಾಡು ಕೇಳ್ತಿದೀಯಾ?"

ಅವಳು ತೆಗೆದು ಅವರ ಕೈಗೇ ಕೊಟ್ಟಳು. "ಹಾಡಿಲ್ಲ ಸಾರ್. ಇದು ಶಬ್ದ ತಡೆಯೋದು. ನೀವೇ ಹಾಕ್ಕೊಂಡು ನೋಡಿ."

ಅಷ್ಟರಲ್ಲಿ ಗಟ್ಟಿಮೇಳ ಮುಗಿದಿತ್ತು, ಆದರೆ ಹಾಲ್ ತುಂಬ ನೆಂಟರ ಗದ್ದಲ. ಮಾವ ಹಾಕಿಕೊಂಡವರೇ ಕುರ್ಚಿ ಎಳೆದುಕೊಂಡು ಕಣ್ಣು ಮುಚ್ಚಿದರು. ಹೆಂಡತಿ ನಾಲ್ಕು ಸಲ ಕೂಗಿದರೂ ಏಳಲಿಲ್ಲ. ಕೊನೆಗೆ ನಾನೇ ಹೋಗಿ ವಾಪಸ್ ಕೇಳಿದೆ. "ಎಲ್ಲಿ ಸಿಗುತ್ತೆ ಇದು?" ಅಂತ ಮೆಲ್ಲಗೆ ಕೇಳಿದರು, ಹೆಂಡತಿಯ ಕಡೆ ಒಂದು ಕಣ್ಣಿಟ್ಟು.

ಎರಡನೆಯದು

ಒಬ್ಬಟ್ಟಿನ ತಟ್ಟೆ ಅವಳ ಕೈಗೆ ಕೊಟ್ಟೆ. ನಮ್ಮವರ ಪದ್ಧತಿ ಗೊತ್ತಲ್ಲ: ಉಣ್ಣುವವರು ಎಲೆಗೆ ಕೈ ಅಡ್ಡ ಹಿಡಿದು "ಬೇಡ, ಬೇಡ" ಅನ್ನಬೇಕು, ಬಡಿಸುವವರು ಬೆರಳ ಸಂದಿಯಲ್ಲೇ ತೂರಿಸಬೇಕು. ಅವಳು ಬೇಡ ಅಂದವರನ್ನೆಲ್ಲ ಬಿಟ್ಟು ಮುಂದೆ ಹೋದಳು. ಇಡೀ ಪಂಕ್ತಿಯಲ್ಲಿ ಒಬ್ಬಟ್ಟು ಸಿಕ್ಕಿದ್ದು ಐದು ವರ್ಷದ ಮಗುವೊಂದಕ್ಕೆ. ಅದಿನ್ನೂ ಸುಳ್ಳು ಕಲಿತಿರಲಿಲ್ಲ.

ಬೀಗರು ದೂರು ಕೊಟ್ಟರು, ಯಜಮಾನರು ಫೋನಿನಲ್ಲಿ ನನ್ನ ಮೇಲೆ ಹಾರಾಡಿದರು. ತಪ್ಪು ನನ್ನದೇ, ಬಿಡಿಸಿ ಹೇಳಿರಲಿಲ್ಲ.

"ನೋಡಮ್ಮ, ಮೂರು ಸಲ ಬೇಡ ಅಂದ್ರೆ ಮಾತ್ರ ಬಿಡು."

"ಮತ್ತೆ ಮೊದಲೆರಡು ಸಲ ಯಾಕಣ್ಣ ಅಂತಾರೆ?"

ನಾನು ಅವಳ ತಟ್ಟೆಗೆ ಇನ್ನಷ್ಟು ಒಬ್ಬಟ್ಟು ತುಂಬಿಸಿಕೊಟ್ಟೆ. ಮುಂದಿನ ಪಂಕ್ತಿಯಲ್ಲಿ ಪ್ರತಿ ಎಲೆಯ ಮುಂದೆ ನಿಂತು ಗಟ್ಟಿಯಾಗಿ ಎಣಿಸಿದಳು. "ಎರಡು ಬೇಡ ಆಯ್ತು ಸಾರ್. ಮೂರನೇದು ಹೇಳ್ತೀರಾ?"

ಒಬ್ಬರೂ ಹೇಳಲಿಲ್ಲ.

ಮೂರನೆಯದು

ಯಜಮಾನರು ಪರೀಕ್ಷೆಗೆಂದು ತಾವೇ ಬಂದು ಕೊನೆಯ ಪಂಕ್ತಿಯಲ್ಲಿ ಕೂತರು. ಎಣಿಕೆಯ ಸುದ್ದಿ ಅವರಿಗೆ ಗೊತ್ತಿರಲಿಲ್ಲ. ಒಬ್ಬಟ್ಟು ಬಂದಾಗ ಅಭ್ಯಾಸಬಲದಿಂದ ಒಂದೇ ಉಸಿರಿಗೆ "ಬೇಡ ಬೇಡ ಬೇಡ" ಅಂದುಬಿಟ್ಟರು. ಅವಳು ಮುಂದೆ ಹೋದಳು.

ಯಜಮಾನರು ಎಲೆ ನೋಡಿದರು, ನನ್ನನ್ನು ನೋಡಿದರು. "ಏನಮ್ಮ, ನನಗೆ?"

"ಮೂರು ಬೇಡ ಆಗಿದೆ ಸಾರ್."

"ಈಗ ಬೇಕು."

ಅವಳು ನನ್ನ ಕಡೆ ತಿರುಗಿದಳು. "ಅಣ್ಣ, ಬೇಕು ಅನ್ನೋದು ಎಷ್ಟು ಸಲ? ಅದನ್ನ ನೀವು ಹೇಳಿಲ್ಲ."

ಪಂಕ್ತಿಗೆ ಪಂಕ್ತಿಯೇ ತುತ್ತು ನಿಲ್ಲಿಸಿ ನೋಡುತ್ತಿತ್ತು. ಇವಳ ಕೆಲಸ ಹೋಯಿತು ಅಂದುಕೊಂಡೆ. ಅಷ್ಟರಲ್ಲಿ ಯಜಮಾನರ ಹೊಟ್ಟೆ ಕುಲುಕತೊಡಗಿತು. ನಗುತ್ತಲೇ "ಬೇಕು, ಬೇಕು, ಬೇಕು" ಅಂದರು. ಎರಡು ಒಬ್ಬಟ್ಟು ಬಿತ್ತು. ಒಂದನ್ನು ಮುರಿದು ಬಾಯಿಗಿಟ್ಟು, "ನೀನು ಪರ್ಮನೆಂಟ್ ಕಣಮ್ಮ" ಅಂದರು.

ನನಗೆ ಕಣ್ಣು ತುಂಬಿಬಂತು. ಅವಳು ಮಾತ್ರ ತಟ್ಟೆ ಹಿಡಿದು ಅಲ್ಲೇ ನಿಂತಿದ್ದಳು.

"ಇನ್ನೇನಮ್ಮ?"

"ಒಂದೇ ಸಲ ಹೇಳಿದೀರ ಸಾರ್."

ಬಾಯಿತುಂಬ ಒಬ್ಬಟ್ಟು ಇಟ್ಟುಕೊಂಡೇ ಯಜಮಾನರು ಇನ್ನೆರಡು ಸಲ ಹೇಳಿದರು.