ಫೋನಿನಲ್ಲಿ ಸೊರಗಿದ ಟಗರು

ಅನುಮಾನ ನನ್ನ ಹುಟ್ಟುಗುಣ. ಹಾಲಿನವನು ನಕ್ಕರೆ ಹಾಲಿಗೆ ನೀರು ಬಿದ್ದಿದೆ ಎಂದುಕೊಳ್ಳುತ್ತೇನೆ. ನಗದಿದ್ದರೆ ಜಾಸ್ತಿಯೇ ಬಿದ್ದಿದೆ ಎಂದುಕೊಳ್ಳುತ್ತೇನೆ. "ಅನುಮಾನಂ ಪೆದ್ದರೋಗಂ ಅಂತಾರಲ್ರೀ, ಅದು ನಿಮ್ಮನ್ನ ನೋಡೇ ಹೇಳಿದ್ದು" ಎನ್ನುತ್ತಾಳೆ ನನ್ನಾಕೆ. ಇಂಥವನು ಮೇಷ್ಟ್ರ ಕೆಲಸದಿಂದ ನಿವೃತ್ತನಾಗಿ, ಶಿಕಾರಿಪುರದ ಮನೆಯಲ್ಲಿ ಕೂತು, ವಿಡಿಯೋ ಪಾಠ ನೋಡಿಕೊಂಡು ವೆಬ್ ಡಿಸೈನ್ ಕಲಿಯಹೊರಟರೆ ಏನಾಗಬೇಕೋ ಅದೇ ಆಯಿತು.

ನನ್ನ ಭಾವಮೈದ ನಾಗಪ್ಪ ಬಳ್ಳಿಗಾವಿಯಲ್ಲಿ ಕುರಿ ಸಾಕಿದ್ದಾನೆ. ಹುರುಳಿ ತಿನ್ನಿಸಿ ಮಗನಂತೆ ಬೆಳೆಸಿದ ಟಗರೊಂದನ್ನು ಯಾರಾದರೂ ತಮ್ಮ ಕುರಿಹಿಂಡಿಗೆ ಬಿತ್ತನೆಗೆ ಒಯ್ಯಲಿ ಎಂಬುದು ಅವನ ಆಸೆ. "ಬಿತ್ತನಿಗೆ ಹೋಗ್ಲಿಲ್ಲಂದ್ರೆ ಕಟುಕರ ಪಾಲಾಗತೈತಿ ಭಾವ, ನನ್ ಕೈಲಿ ನೋಡಾಕಾಗಲ್ಲ" ಎಂದು ಕಣ್ಣೊರೆಸಿಕೊಂಡ. ಟಗರಿಗೊಂದು ವೆಬ್ ಪುಟವನ್ನೇ ಮಾಡಿದೆ. ಮೇಲೆ ಟಗರಿನ ಫೋಟೋ, ಕೆಳಗೆ 'ಇವರನ್ನು ಕೇಳಿ' ಎಂದು ನನ್ನ ಫೋಟೋ. ಕಂಪ್ಯೂಟರಿನಲ್ಲಿ ಇಬ್ಬರೂ ದುಂಡದುಂಡಗೆ ಕಾಣುತ್ತಿದ್ದೆವು.

ಸೊರಬ ತಾಲ್ಲೂಕಿನ ಹೊಸಬಾಳೆಯಿಂದ ತಿಮ್ಮಪ್ಪ ಎನ್ನುವವರು ತಮ್ಮ ಫೋನಿನಲ್ಲೇ ಪುಟ ನೋಡಿ ಕರೆ ಮಾಡಿದರು. "ಎಂಥ ಮೇಷ್ಟ್ರೇ ಇದು? ಟಗರೋ, ಕೊಕ್ಕರೆಯೋ? ಕಾಲು ಇಷ್ಟುದ್ದ, ಮೈಯಲ್ಲಿ ಎಂಥದೂ ಇಲ್ಲ. ಬ್ಯಾಡ ಬಿಡಿ."

ಬೆಲೆ ಇಳಿಸುವ ಆಟ ಎಂದುಕೊಂಡೆ. ಆಮೇಲೆ, ಹುರುಳಿಯನ್ನು ನಾಗಪ್ಪನೇ ತಿಂದನೋ ಎಂದೂ ಅನಿಸಿತು. ಹೆಂಡತಿಯ ಫೋನು ಇಸಿದುಕೊಂಡು ನೋಡಿದರೆ, ಅಯ್ಯೋ ಶಿವನೇ, ಟಗರು ನಿಜಕ್ಕೂ ಸೊರಗಿ ನಿಂತಿತ್ತು! ಫೋಟೋದ ಅಗಲ ಪರದೆಯಷ್ಟಿರಲಿ, ಎತ್ತರ 'ಆಟೋ' ಇರಲಿ, ಅಗಲಕ್ಕೆ ತಕ್ಕಂತೆ ತಾನೇ ಹೊಂದಿಕೊಳ್ಳುತ್ತದೆ ಎಂದು ಪಾಠದಲ್ಲಿ ಬಾಯಿಬಡಿದುಕೊಂಡಿದ್ದರು. ಎತ್ತರವನ್ನು ಕಂಪ್ಯೂಟರಿನ ಕೈಗೆ ಬಿಟ್ಟರೆ ಅದೇನು ಮಾಡುತ್ತದೋ ಎಂಬ ಗುಮಾನಿಯಿಂದ ಇಷ್ಟೇ ಪಿಕ್ಸೆಲ್ ಎಂದು ನಾನೇ ಗಟ್ಟಿ ಮಾಡಿದ್ದೆ. ಪುಟ್ಟ ಫೋನಿನಲ್ಲಿ ಅಗಲ ಕುಗ್ಗಿತ್ತು, ಎತ್ತರ ಹಾಗೇ ನಿಂತಿತ್ತು.

ಟಗರಿಗೆ 'ಆಟೋ' ಬರೆದೆ. ಮೈತುಂಬಿಕೊಂಡಿತು. ಕೆಳಗೆ ನನ್ನ ಫೋಟೋ ನೋಡಿದೆ. ಹೊಟ್ಟೆ ಮಾಯ, ಕೆನ್ನೆ ಇಳಿದು, ಮದುವೆಯ ಹೊಸತರಲ್ಲಿದ್ದಂಥ ಸಪೂರ ಆಳು. ಅದರ ತಂಟೆಗೆ ಹೋಗಲಿಲ್ಲ.

ನಾನು ಕಾಡಿ ಬೇಡಿದ ಮೇಲೆ ತಿಮ್ಮಪ್ಪ ಪುಟವನ್ನು ಮತ್ತೆ ನೋಡಿ ಬಳ್ಳಿಗಾವಿಗೇ ಬಂದರು. ನಾನೂ ಹೋಗಿ ನಾಗಪ್ಪನ ಪಕ್ಕ ನಿಂತಿದ್ದೆ. ಕೈಲಿದ್ದ ಫೋನು ನೋಡಿದರು, ನನ್ನನ್ನು ನೋಡಿದರು. "ಮೇಷ್ಟ್ರು ಬರ್ಲಿಲ್ವಾ?"

"ನಾನೇ."

"ಹೌದೇನ್ರೀ? ಮೇಷ್ಟ್ರೇ ಹಿಂಗಾದ್ರೆ ಇನ್ನು ಟಗರು ಹೆಂಗಿರತ್ತೋ ಮಾರಾಯ್ರೇ!"

ನಾಗಪ್ಪನ ಮುಖ ಬಿಳಚಿಕೊಂಡಿತು. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಪುಣ್ಯಕ್ಕೆ ಕುರಿ ಕೊಳ್ಳುವವರು ಬರೀ ಕಣ್ಣನ್ನು ನಂಬುವುದಿಲ್ಲ, ಮೈ ತುಂಬಿದೆಯೋ ಇಲ್ಲವೋ ಎಂದು ಬೆನ್ನು ಒತ್ತಿ ನೋಡುತ್ತಾರೆ. ತಿಮ್ಮಪ್ಪ ಟಗರಿನ ಹಲ್ಲು ನೋಡಿದರು, ಬೆನ್ನು ಒತ್ತಿದರು, ಮತ್ತೊಮ್ಮೆ ಒತ್ತಿದರು. "ಟಗರು ಸಾಚಾ ಇದೆ. ಬಿತ್ತನೆಗೆ ಹೊಡ್ಕೊಂಡ್ ಹೋಗ್ತೀನಿ" ಎಂದರು. ನಾಗಪ್ಪ ಟಗರಿನ ಕೊರಳು ತಬ್ಬಿಕೊಂಡು ಅತ್ತೇಬಿಟ್ಟ.

ಹೊರಡುವಾಗ ತಿಮ್ಮಪ್ಪ ನನ್ನ ಬೆನ್ನ ಮೇಲೂ ಕೈಯಿಟ್ಟರು. ವಿಶ್ವಾಸದಿಂದ ತಟ್ಟುತ್ತಾರೆ ಎಂದುಕೊಂಡೆ. ತಟ್ಟಲಿಲ್ಲ, ಒತ್ತಿ ನೋಡಿದರು.